ಮಾಡಿಸಿದವರು ಮತ್ತು ಮಾಡಿದವರು

ಮೊನ್ನೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆ ಮುಗಿಸಿ, ಎಂದಿನಂತೆ ನಾವು ನಾಲ್ಕೈದು ಮಂದಿ ನಿವೃತ್ತರು ಕಲ್ಲುಬೆಂಚಿನ ಮೇಲೆ ಕುಳಿತಿದ್ದೆವು. ಮಾತು ಹೇಗೋ ಪ್ರತಿಮೆಗಳತ್ತ ಹೊರಳಿತು. ಬ್ಯಾಂಕಿನಿಂದ ನಿವೃತ್ತರಾದ ಮಿತ್ರರೊಬ್ಬರು, ತಮ್ಮ ಮಾತಿಗೆ ಎದುರುತ್ತರವೇ ಇಲ್ಲವೆಂಬ ಧೋರಣೆಯಲ್ಲಿ ಹೇಳಿದರು: "ನೋಡಿ ಮೇಷ್ಟ್ರೇ, ದೊಡ್ಡ ಶಿಲ್ಪ ಹುಟ್ಟಬೇಕಾದರೆ ದೊಡ್ಡ ಅರಸು ಬೇಕು. ಒಬ್ಬ ಹೇಳಬೇಕು, ಉಳಿದವರು ಮಾಡಬೇಕು. ಬೇಲೂರು, ಬೆಳಗೊಳ, ನಮ್ಮ ಅರಮನೆ, ಎಲ್ಲ ಹಾಗೆಯೇ ಆದದ್ದು. ಪ್ರಜಾಪ್ರಭುತ್ವದಲ್ಲಿ ಸಮಿತಿ ರಚನೆಯಾಗುತ್ತದೆ, ಸಿಮೆಂಟಿನ ಬೊಂಬೆ ನಿಲ್ಲುತ್ತದೆ."

ಪಕ್ಕದಲ್ಲಿ ಕುಳಿತಿದ್ದ ಅವರ ಮೊಮ್ಮಗ, ಸಂಶೋಧನೆ ಮಾಡುತ್ತಿರುವ ಹುಡುಗ, ಅಷ್ಟೇ ಖಚಿತವಾಗಿ ಇನ್ನೊಂದು ತುದಿಯಿಂದ ಮಾತು ಎತ್ತಿದ: "ಹಾಗಾದರೆ ಅವೆಲ್ಲ ದರ್ಪದ ಗುರುತುಗಳು ತಾತ. ದರ್ಪ ಹೋದ ಮೇಲೆ ಗುರುತು ಏಕಿರಬೇಕು? ಕೆಡವಿಬಿಡಬೇಕು."

ಇಬ್ಬರ ಮಾತೂ ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಜಗಳವಾಡುವುದು ಬೇಡವೆಂದು ಸುಮ್ಮನಿದ್ದೆ. ಮನೆಗೆ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಮೂವತ್ತೈದು ವರ್ಷ ಕನ್ನಡ ವ್ಯಾಕರಣ ಕಲಿಸಿದವನಿಗೆ ಈ ತಾತ ಮೊಮ್ಮಕ್ಕಳಿಬ್ಬರೂ ಒಂದೇ ತಪ್ಪನ್ನು ಮಾಡುತ್ತಿದ್ದಾರೆಂದು ತೋರಿತು. ಅದು ಕ್ರಿಯಾಪದದ ತಪ್ಪು.

ಕನ್ನಡದಲ್ಲಿ 'ಮಾಡು' ಎಂಬ ಧಾತುವಿಗೆ 'ಇಸು' ಎಂಬ ಪ್ರತ್ಯಯ ಹತ್ತಿದರೆ 'ಮಾಡಿಸು' ಆಗುತ್ತದೆ. ಪ್ರೇರಣಾರ್ಥಕ ರೂಪವೆಂದು ಏಳನೆಯ ತರಗತಿಯ ಮಕ್ಕಳಿಗೂ ಗೊತ್ತು. ಕಟ್ಟಿದನು, ಕಟ್ಟಿಸಿದನು, ಕೆತ್ತಿದನು, ಕೆತ್ತಿಸಿದನು. ನಡುವೆ ಇರುವುದು ಒಂದೇ ಒಂದು 'ಸಿ'. ಆ ಒಂದು ಅಕ್ಷರದೊಳಗೆ ಎಷ್ಟು ಜನರ ಬೆವರು, ಹಸಿವು, ಭಯ ಮತ್ತು ಪ್ರತಿಭೆ ಅಡಗಿವೆ ಎಂಬುದನ್ನು ನಾವು ಮರೆತುಬಿಡುತ್ತೇವೆ. ಪರೀಕ್ಷೆಯಲ್ಲಿ "ಗೊಮ್ಮಟೇಶ್ವರನ ವಿಗ್ರಹವನ್ನು ಕೆತ್ತಿದವರು ಯಾರು?" ಎಂಬ ಪ್ರಶ್ನೆಗೆ ಮಕ್ಕಳು "ಚಾವುಂಡರಾಯ" ಎಂದು ಬರೆದರೆ ನಾವು ಪೂರ್ಣ ಅಂಕ ಕೊಡುತ್ತಾ ಬಂದಿದ್ದೇವೆ. ನಾನೂ ಕೊಟ್ಟಿದ್ದೇನೆ. ಗಂಗರ ಮಂತ್ರಿ, ಸೇನಾನಿ, ಗ್ರಂಥಕರ್ತ ಚಾವುಂಡರಾಯ ಉಳಿ ಹಿಡಿದವನಲ್ಲ.

ಶ್ರವಣಬೆಳಗೊಳಕ್ಕೆ ಹೋದಾಗ ಗಮನಿಸಿ. ೯೮೧ರ ಸುಮಾರಿಗೆ ನಿಂತ ಆ ಐವತ್ತೆಂಟು ಅಡಿಯ ಮೂರ್ತಿಯ ಪಾದದ ಎರಡು ಬದಿಗಳಲ್ಲಿ ಶಾಸನಗಳಿವೆ. ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಹೆಸರು ಅಲ್ಲಿದೆ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಸುತ್ತಾಲಯವನ್ನು ಮಾಡಿಸಿದ ಗಂಗರಾಜನ ಹೆಸರೂ ಇದೆ. ಬೆಟ್ಟದ ನೆತ್ತಿಯ ಬಂಡೆಯೊಳಗೆ ಆ ನಿಶ್ಚಲವಾದ ಮುಖ ಇದೆಯೆಂದು ಮೊದಲು ಕಂಡವನ, ಆ ತುಟಿಯ ಅಂಚಿನಲ್ಲಿ ನಗುವೋ ಮೌನವೋ ತಿಳಿಯದಂತೆ ಉಳಿ ನಿಲ್ಲಿಸಿದವನ ಹೆಸರು ಅಲ್ಲಿಲ್ಲ. ಅಷ್ಟು ದೂರ ಹೋಗುವುದೇಕೆ? ನಮ್ಮ ಚಾಮುಂಡಿ ಬೆಟ್ಟದ ನಂದಿಯನ್ನೇ ತೆಗೆದುಕೊಳ್ಳಿ. ೧೬೫೯ರಿಂದ ೧೬೭೩ರವರೆಗೆ ಆಳಿದ ದೊಡ್ಡದೇವರಾಜ ಒಡೆಯರು ಮಾಡಿಸಿದರೆಂದು ಮೈಸೂರಿನ ಯಾವ ಗೈಡನ್ನು ಕೇಳಿದರೂ ಹೇಳುತ್ತಾನೆ. ಒಂದೇ ಬಂಡೆಯಲ್ಲಿ ಕೊರಳ ಗಂಟೆಯ ಸರವನ್ನು ಅಷ್ಟು ಸಡಿಲವಾಗಿ ಇಳಿಬಿಟ್ಟವನು ಯಾರೆಂದು ಕೇಳಿ ನೋಡಿ. ಗೈಡು ನಿಮ್ಮ ಮುಖವನ್ನೇ ನೋಡುತ್ತಾನೆ.

ಇಲ್ಲಿ ಒಂದು ಸಿದ್ಧವಾದ ಉತ್ತರ ಬರುತ್ತದೆ. "ಅದು ನಮ್ಮ ಪರಂಪರೆ. ನಮ್ಮ ಶಿಲ್ಪಿಗಳು ಅನಾಮಿಕರಾಗಿ ಉಳಿಯಲು ತಾವೇ ಬಯಸಿದರು. ಹೆಸರಿನ ಹಂಬಲ ಪಶ್ಚಿಮದ್ದು." ಕೇಳಲು ಬಹಳ ಉದಾತ್ತವಾಗಿದೆ. ಇನ್ನೊಬ್ಬರ ಹೆಸರನ್ನು ನುಂಗಿದವರಿಗೆ ಇಷ್ಟು ಅನುಕೂಲವಾದ ತತ್ತ್ವ ಮತ್ತೊಂದು ಸಿಗಲಾರದು. ಆದರೆ ಅದು ನಿಜವಲ್ಲ. ಅದು ನಿಜವಲ್ಲವೆಂಬುದಕ್ಕೆ ಸಾಕ್ಷಿ ಮೈಸೂರಿನಿಂದ ನಲವತ್ತು ಕಿಲೋಮೀಟರಿನೊಳಗೇ ಇದೆ.

ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋಗಿ. ಹದಿಮೂರನೆಯ ಶತಮಾನದಲ್ಲಿ, ಹೊಯ್ಸಳ ಮೂರನೆಯ ನರಸಿಂಹನ ಕಾಲದಲ್ಲಿ, ಸೋಮನಾಥ ದಂಡನಾಯಕ ಕಟ್ಟಿಸಿದ್ದು. ೨೦೨೩ರಲ್ಲಿ ಬೇಲೂರು, ಹಳೇಬೀಡುಗಳ ಜೊತೆ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹೊರಗೋಡೆಯ ವಿಗ್ರಹಗಳ ಪೀಠವನ್ನು ಬಗ್ಗಿ ನೋಡಿದರೆ ಪುಟ್ಟ ಪುಟ್ಟ ಅಕ್ಷರಗಳು ಕಾಣುತ್ತವೆ. ಮಲ್ಲಿತಮ್ಮ ಎಂಬ ಶಿಲ್ಪಿ ಅಲ್ಲಿ ಒಂದಲ್ಲ ಎರಡಲ್ಲ, ಹತ್ತಾರು ಮೂರ್ತಿಗಳ ಕೆಳಗೆ ತನ್ನ ಹೆಸರನ್ನು ಕೊರೆದಿದ್ದಾನೆ. ಮಸಣಿತಮ್ಮ, ಬಾಲೆಯ, ಚೌಡೆಯ, ನಂಜಯ ಮೊದಲಾದವರೂ ಇದ್ದಾರೆ. ನುಗ್ಗೇಹಳ್ಳಿಗೆ ಹೋದರೆ ಅದೇ ಮಲ್ಲಿತಮ್ಮ ಗುಡಿಯ ಒಂದು ಪಾರ್ಶ್ವದಲ್ಲಿ, ನಂದಿಯ ಬೈಚೋಜ ಇನ್ನೊಂದು ಪಾರ್ಶ್ವದಲ್ಲಿ ಸಹಿ ಹಾಕಿದ್ದಾರೆ. ಇಬ್ಬರು ಆಟಗಾರರು ಎದುರುಬದುರು ನಿಂತಂತೆ! ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಮದನಿಕೆಯರ ಕೆಳಗೆ ಹೆಸರು ಬರೆದಿದ್ದಾರೆ. ಬರಿಯ ಹೆಸರಷ್ಟೇ ಅಲ್ಲ, ಎದುರಾಳಿ ಶಿಲ್ಪಿಗಳನ್ನು ಕೆಣಕುವ ಬಿರುದುಗಳೂ ಆ ಕಾಲದ ಶಿಲ್ಪಿಗಳಿಗೆ ಇದ್ದವು. ಇವರು ಅನಾಮಿಕರಾಗಿ ಉಳಿಯಲು ಬಯಸಿದವರೆ? ಇತಿಹಾಸಕಾರರಾದ ಷ. ಶೆಟ್ಟರ್ ಅವರು ಇಂಥ ಸಹಿಗಳನ್ನು ಜೋಡಿಸಿ ಹೊಯ್ಸಳ ಶಿಲ್ಪಿಗಳ ಬದುಕನ್ನೇ ಓದಲು ಯತ್ನಿಸಿದರು. ನಾವಾದರೋ ಕಲ್ಲಿನ ಮೇಲೆ ಹೆಸರಿರುವ ಮಲ್ಲಿತಮ್ಮನನ್ನು ಬಿಟ್ಟು, ಐತಿಹ್ಯದಲ್ಲಿ ಮಾತ್ರ ಇರುವ ಜಕಣಾಚಾರಿಯ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತೇವೆ. ಐತಿಹ್ಯದ ಮೇಲೆ ನನಗೆ ಮುನಿಸಿಲ್ಲ. ಕಣ್ಣೆದುರಿಗೆ ಬರೆದಿರುವುದನ್ನು ಓದದ ನಮ್ಮ ಸೋಮಾರಿತನದ ಮೇಲೆ ಮುನಿಸು.

ಒಡೆಯನ ಆಳ್ವಿಕೆಯಲ್ಲಿ ಕೆಲಸ ಮಾಡಿದರೂ ಈ ಶಿಲ್ಪಿಗಳು ತಮ್ಮ ಕೈಯನ್ನು ಒಡೆಯನಿಗೆ ಮಾರಲಿಲ್ಲ. ಸೋಮನಾಥ ದಂಡನಾಯಕ ಹಣ ಕೊಟ್ಟ, ಸ್ಥಳ ಕೊಟ್ಟ, ಅದು ದೊಡ್ಡದೇ. ಆದರೆ ವೇಣುಗೋಪಾಲನ ಬೆರಳು ಕೊಳಲಿನ ಮೇಲೆ ಎಷ್ಟು ಹಗುರವಾಗಿ ಕೂರಬೇಕೆಂದು ದಂಡನಾಯಕ ಹೇಳಲಾರ. ಮಾಡಿಸುವವನ ಅಧಿಕಾರ ಮುಗಿಯುವ ಜಾಗ ಒಂದಿದೆ. ಅಲ್ಲಿಂದಾಚೆಗೆ ಕಲೆ ಪ್ರಾರಂಭವಾಗುತ್ತದೆ.

ಇದನ್ನು ಒಪ್ಪದ ಮಿತ್ರರಿಗೆ ನಾನು ಇನ್ನೊಂದು ದೇಶದ ಉದಾಹರಣೆ ಕೊಡಬೇಕಾಗಿದೆ. "ಒಬ್ಬ ಹೇಳಬೇಕು, ಉಳಿದವರು ಮಾಡಬೇಕು" ಎಂಬುದು ಅಕ್ಷರಶಃ ನಡೆದ ಜಾಗ ಅದು.

ಸ್ಪೇನ್ ದೇಶದಲ್ಲಿ ೧೯೩೬ರಿಂದ ೧೯೩೯ರವರೆಗೆ ಅಂತರ್ಯುದ್ಧವಾಯಿತು. ಗೆದ್ದ ಜನರಲ್ ಫ್ರಾಂಕೋ ಸರ್ವಾಧಿಕಾರಿಯಾದ. ೧೯೪೦ರಲ್ಲಿ ಆತ ಮ್ಯಾಡ್ರಿಡ್ ಸಮೀಪದ ಬೆಟ್ಟಗಳಲ್ಲಿ ಒಂದು ಮಹಾ ಸ್ಮಾರಕವನ್ನು ನಿರ್ಮಿಸಲು ಆಜ್ಞೆ ಹೊರಡಿಸಿದ. ಬಂಡೆಯನ್ನು ಕೊರೆದು ಒಳಗೆ ಚರ್ಚು, ಮೇಲೆ ನೂರೈವತ್ತು ಮೀಟರ್ ಎತ್ತರದ ಶಿಲುಬೆ. ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ೧೯೫೯ರ ಏಪ್ರಿಲ್ ೧ರಂದು ಉದ್ಘಾಟನೆ. ಕೆಲಸಗಾರರಲ್ಲಿ ಯುದ್ಧದಲ್ಲಿ ಸೋತ ಪಕ್ಷದ ಕೈದಿಗಳೂ ಇದ್ದರು. ದುಡಿದಷ್ಟು ದಿನ ಶಿಕ್ಷೆ ಕಡಿಮೆಯಾಗುತ್ತದೆ ಎಂಬ ಏರ್ಪಾಡು. ಒಳಗೆ ಮೂವತ್ತಮೂರು ಸಾವಿರಕ್ಕೂ ಹೆಚ್ಚು ಮಂದಿಯ ಅಸ್ಥಿಗಳನ್ನು ತಂದಿರಿಸಿದರು. ಅವರಲ್ಲಿ ಅನೇಕರು ಸೋತ ಪಕ್ಷದವರು. ಅವರ ಮನೆಯವರ ಒಪ್ಪಿಗೆಯನ್ನೂ ಕೇಳದೆ ಅವರನ್ನು ಕೊಂದವನ ಗೋಪುರದಡಿಯಲ್ಲೇ ಮಲಗಿಸಿದರು.

ಆ ಶಿಲುಬೆಯ ಬುಡದಲ್ಲಿ ನಾಲ್ವರು ಸುವಾರ್ತಾಕಾರರ ಬೃಹತ್ ಶಿಲ್ಪಗಳಿವೆ, ಬಾಗಿಲಿನ ಮೇಲೆ ಮಗನ ಶವವನ್ನು ಮಡಿಲಲ್ಲಿಟ್ಟುಕೊಂಡ ಮೇರಿ ಮಾತೆ ಇದ್ದಾಳೆ. ಅವನ್ನು ರೂಪಿಸಿದವನು ಹ್ವಾನ್ ದೆ ಆವಲೋಸ್. ಮೆರಿದಾ ಎಂಬ ಊರಿನವನು, ೧೯೧೧ರಲ್ಲಿ ಹುಟ್ಟಿದವನು. ಅವನು ಫ್ರಾಂಕೋ ಪಕ್ಷದವನಲ್ಲ! ತನ್ನ ಊರಿನ ಸಮಾಜವಾದಿ ಪಕ್ಷದ ಮೊದಮೊದಲ ಸದಸ್ಯರಲ್ಲಿ ಒಬ್ಬ. ಅದೇ ಕಾರಣಕ್ಕೆ ಯುದ್ಧದ ನಂತರ ಅವನ ಅಧ್ಯಾಪಕ ವೃತ್ತಿಗೆ ಕುತ್ತು ಬಂತು, ಕೆಲವು ವರ್ಷ ಪೋರ್ಚುಗಲ್ಲಿನಲ್ಲಿ ಕಳೆದ. ಮರಳಿ ಬಂದ ಮೇಲೆ ೧೯೫೦ರ ದಶಕದಲ್ಲಿ, ತನ್ನನ್ನು ಹೊರಗಟ್ಟಿದ ಆಡಳಿತಕ್ಕಾಗಿ ಅದರ ಅತಿ ದೊಡ್ಡ ಧಾರ್ಮಿಕ ಶಿಲ್ಪಗಳನ್ನು ಮಾಡಿದ. ಮುಂದೆ ಕೇಳಿದವರಿಗೆಲ್ಲ, ತಾನು ಎರಡೂ ಪಕ್ಷದ ಮೃತರಿಗಾಗಿ ಕೆತ್ತಿದೆನೆಂದು ಹೇಳಿಕೊಂಡ. ೨೦೦೬ರಲ್ಲಿ ತೀರಿಕೊಂಡ.

ಆವಲೋಸನ ಕೈಯಲ್ಲಿ ಶಕ್ತಿಯಿತ್ತು. ತೆರುಯೆಲ್ ಎಂಬ ಊರಿನ ದಂತಕತೆಯ ಪ್ರೇಮಿಗಳಿಗೆ ಅವನು ಮಾಡಿದ ಸಮಾಧಿಶಿಲ್ಪ ಇಂದಿಗೂ ಜನಪ್ರಿಯ. ಆ ಪ್ರೇಮಿಗಳ ಕೈಗಳು ಒಂದನ್ನೊಂದು ಮುಟ್ಟುವಷ್ಟು ಹತ್ತಿರ ಬಂದು ಮುಟ್ಟದೆ ನಿಂತಿವೆ. ಅದನ್ನು ಮಾಡಲು ಅವನಿಗೆ ಸರ್ವಾಧಿಕಾರಿಯ ಬೆಟ್ಟ ಬೇಕಾಗಿರಲಿಲ್ಲ, ಕೈದಿಗಳು ಬೇಕಾಗಿರಲಿಲ್ಲ. ಫ್ರಾಂಕೋ ಅವನಿಗೆ ಕೊಟ್ಟದ್ದು ಪ್ರತಿಭೆಯನ್ನಲ್ಲ, ಗಾತ್ರವನ್ನು. ದರ್ಪದಿಂದ ದೊರೆಯುವುದು ಯಾವತ್ತೂ ಇಷ್ಟೇ. ಗಾತ್ರವನ್ನು ಮಹತ್ತೆಂದು ತಿಳಿಯುವುದು ಕಣ್ಣಿನ ದೋಷ, ಮಿತ್ರರು ಕ್ಷಮಿಸಬೇಕು. ಅಷ್ಟೆಲ್ಲ ಮಾಡಿಸಿದ ಫ್ರಾಂಕೋ ೧೯೭೫ರಲ್ಲಿ ಸತ್ತು ಅಲ್ಲಿಯೇ ಹೂತುಹೋದ. ೨೦೧೯ರ ಅಕ್ಟೋಬರ್ ೨೪ರಂದು ಅವನ ದೇಶದ ಜನರೇ ಅವನ ಅವಶೇಷವನ್ನು ಎತ್ತಿ ಬೇರೆಡೆಗೆ ಸಾಗಿಸಿದರು. ಮಾಡಿಸಿದವನು ಹೊರಗೆ ಹೋದ. ಮಾಡಿದವನ ಕಲ್ಲುಗಳು ಉಳಿದಿವೆ, ಉತ್ತರ ಹೇಳಲಾಗದೆ.

ಇದಕ್ಕೆ ಎದುರಾದ ಕತೆಯೂ ಇದೆ. ೧೯೬೨ರ ಡಿಸೆಂಬರಿನಲ್ಲಿ ಮಾಸ್ಕೋದ ಒಂದು ಪ್ರದರ್ಶನದಲ್ಲಿ ಸೋವಿಯತ್ ನಾಯಕ ಕ್ರುಶ್ಚೇವ್ ಹೊಸಬಗೆಯ ಕಲಾವಿದರನ್ನು ಬಾಯಿಗೆ ಬಂದಂತೆ ಬೈದ. ಅರ್ನೆಸ್ಟ್ ನೆಯಿಜ್‌ವೆಸ್ಟ್ನಿ ಎಂಬ ಶಿಲ್ಪಿ ಎದುರು ನಿಂತು ವಾದಿಸಿದ. ಮುಂದೆ ಕ್ರುಶ್ಚೇವ್ ಅಧಿಕಾರ ಕಳೆದುಕೊಂಡು ೧೯೭೧ರಲ್ಲಿ ತೀರಿಕೊಂಡಾಗ, ಅವನ ಮನೆಯವರು ಸಮಾಧಿಯ ಶಿಲ್ಪಕ್ಕಾಗಿ ಹುಡುಕಿಕೊಂಡು ಹೋದದ್ದು ಅದೇ ಶಿಲ್ಪಿಯನ್ನು. ಅವನು ಒಪ್ಪಿ ಮಾಡಿದ. ಕಪ್ಪು ಕಲ್ಲು, ಬಿಳಿಯ ಕಲ್ಲು ಒಂದನ್ನೊಂದು ಹೆಣೆದುಕೊಂಡ ಸಮಾಧಿ. ಆ ಮನುಷ್ಯನಲ್ಲಿದ್ದ ಒಳಿತು ಕೆಡುಕು ಎರಡೂ ಅಲ್ಲಿವೆ. ತಲೆಬಾಗಿದ ಶಿಲ್ಪಿಗೆ ಇಂಥದು ಸಾಧ್ಯವಾಗುತ್ತಿರಲಿಲ್ಲ. ಒಡೆಯನನ್ನು ಹೊಗಳಲು ಸಾವಿರ ಕೈಗಳಿರುತ್ತವೆ. ಒಡೆಯನಿಗೆ ನ್ಯಾಯ ಒದಗಿಸಲು ಸ್ವತಂತ್ರವಾದ ಒಂದು ಕೈಯೇ ಬೇಕು.

"ಮೇಷ್ಟ್ರೇ, ಫ್ರಾಂಕೋನನ್ನು ನಮ್ಮ ಮಹಾರಾಜರಿಗೆ ಹೋಲಿಸುತ್ತೀರಾ?" ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರನ್ನು ಗಾಂಧೀಜಿ ರಾಜರ್ಷಿ ಎಂದರು. ಈ ಊರಿನ ನೀರು, ದೀಪ, ವಿದ್ಯೆ ಎಲ್ಲದರಲ್ಲಿಯೂ ಅವರ ಋಣವಿದೆ. ನನ್ನ ತಂದೆ ಓದಿದ್ದೂ ಆ ಕಾಲದ ಉಚಿತ ವಿದ್ಯಾರ್ಥಿನಿಲಯದಲ್ಲಿ. ಆದರೆ ಒಳ್ಳೆಯ ಅರಸನಿದ್ದರೂ ಅರಸೊತ್ತಿಗೆ ಅರಸೊತ್ತಿಗೆಯೇ. ೧೮೮೧ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಗೆ ಮನವಿ ಸಲ್ಲಿಸುವ ಹಕ್ಕಿತ್ತೇ ಹೊರತು ಆಳುವ ಹಕ್ಕಿರಲಿಲ್ಲ. ೧೯೦೮ರಲ್ಲಿ ಪತ್ರಿಕೆಗಳ ಬಾಯಿ ಕಟ್ಟುವ ಕಾನೂನು ಬಂದಾಗ ಅದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ ತಾತಯ್ಯ, ಅಂದರೆ ಎಂ. ವೆಂಕಟಕೃಷ್ಣಯ್ಯನವರು, ಇದೇ ಊರಿನ ಶಾಲಾ ಮೇಷ್ಟ್ರು. ೧೯೩೮ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡಿಗೆ ಬಲಿಯಾದವರು ಮೈಸೂರು ಸಂಸ್ಥಾನದ ಪ್ರಜೆಗಳೇ. ಜವಾಬ್ದಾರಿ ಸರ್ಕಾರ ಬಂದದ್ದು ೧೯೪೭ರ ಅಕ್ಟೋಬರಿನಲ್ಲಿ, 'ಮೈಸೂರು ಚಲೋ' ಚಳವಳಿಯ ನಂತರ. ಅಲ್ಲಿಯವರೆಗೆ ಇಲ್ಲಿನ ಕಲಾವಿದನಿಗೂ ಕಲೆಗೂ ನಡುವೆ ಅರಮನೆಯ ಬಾಗಿಲಿತ್ತು. ತೆರೆದರೆ ಭಾಗ್ಯ, ಮುಚ್ಚಿದರೆ ಕೇಳುವವರಿಲ್ಲ.

ಆ ಬಾಗಿಲಿನ ಎರಡೂ ಮುಖಗಳನ್ನು ಕಂಡವರು ಕೆ. ವೆಂಕಟಪ್ಪನವರು. ೧೮೮೬ರಲ್ಲಿ ಮೈಸೂರಿನ ಚಿತ್ರಗಾರ ಮನೆತನದಲ್ಲಿ ಹುಟ್ಟಿ, ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತರು. ಮರಳಿ ಬಂದು ಚಿತ್ರ ಬರೆದರು, ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು, ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಪುರಾಣ ಕಾವ್ಯಗಳ ಪ್ರಸಂಗಗಳನ್ನು ಉಬ್ಬುಶಿಲ್ಪಗಳಾಗಿ ರೂಪಿಸಿದರು. ಅರಸರು ಅಭಿಮಾನಿಗಳು. ಅಷ್ಟರವರೆಗೆ ನನ್ನ ಮಿತ್ರರ ಸಿದ್ಧಾಂತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ೧೯೪೦ರ ಆಗಸ್ಟಿನಲ್ಲಿ ನಾಲ್ವಡಿಯವರು ತೀರಿಕೊಂಡರು. ಅರಸನೊಬ್ಬನ ಅಭಿಮಾನದ ಮೇಲೆ ನಿಂತ ಮನೆ ಅರಸನೊಡನೆಯೇ ಕುಸಿಯಿತು. ವೆಂಕಟಪ್ಪನವರು ಮೈಸೂರನ್ನು ಬಿಟ್ಟು ಬೆಂಗಳೂರು ಸೇರಿದರು. ತಮ್ಮ ಕೆಲಸಕ್ಕೆ ಸಲ್ಲಬೇಕಾದುದು ಸಂದಿಲ್ಲವೆಂದು ನ್ಯಾಯಾಲಯದ ಮೆಟ್ಟಿಲೇರಿದರು.

ಕೆಲವರು ಇದನ್ನು ಕೃತಘ್ನತೆ ಎನ್ನುತ್ತಾರೆ. "ಉಂಡ ಮನೆಗೆ ಎರಡು ಬಗೆದರು" ಎಂದು ನನ್ನ ಮುಂದೆಯೇ ಹೇಳಿದವರಿದ್ದಾರೆ. ನಾನು ಇದನ್ನು ಆಧುನಿಕ ಮೈಸೂರಿನ ಕಲಾಚರಿತ್ರೆಯ ಅತ್ಯಂತ ಘನತೆಯ ಘಟನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ವಂಶಪಾರಂಪರ್ಯವಾಗಿ ಅರಮನೆಯ ದಯೆಗಾಗಿ ಕಾದು ನಿಂತ ಮನೆತನದ ಮನುಷ್ಯನೊಬ್ಬ, ದಯೆ ಬೇಡ, ನನ್ನ ಹಕ್ಕು ಕೊಡಿ ಎಂದು ಕಾನೂನಿನ ಮುಂದೆ ನಿಂತು ಕೇಳಿದ. ತೀರ್ಪಿಗಿಂತ ಆ ಕೇಳಿಕೆ ದೊಡ್ಡದು. ಹೊಯ್ಸಳರ ಮಲ್ಲಿತಮ್ಮ ಪೀಠದ ಮೇಲೆ ಕೊರೆದ ಅಕ್ಷರಗಳೇ ಏಳುನೂರು ವರ್ಷಗಳ ನಂತರ ದಾವೆಯ ಕಾಗದದಲ್ಲಿ ಮೂಡಿದವೆಂದು ನನಗೆ ಅನ್ನಿಸುತ್ತದೆ. ೧೯೬೫ರಲ್ಲಿ ವೆಂಕಟಪ್ಪನವರು ತೀರಿಕೊಂಡರು. ಅವರ ಹೆಸರಿನ ಕಲಾಶಾಲೆ ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿದೆ. ಅದನ್ನು ಸ್ಥಾಪಿಸಿದ್ದು ಅರಮನೆಯಲ್ಲ, ಜನ ಆರಿಸಿದ ಸರ್ಕಾರ. ಮಿತ್ರರು ಇದನ್ನೂ ಲೆಕ್ಕಕ್ಕೆ ಹಿಡಿಯಲಿ.

ಈಗ ಧಾರ್ಮಿಕ ಶಿಲ್ಪದ ವಿಷಯ. ಅರಮನೆಯ ಆವರಣದ ಭುವನೇಶ್ವರಿ ಗುಡಿಯನ್ನು ೧೯೫೧ರಲ್ಲಿ ಜಯಚಾಮರಾಜ ಒಡೆಯರು ಕಟ್ಟಿಸಿದರು. ದೇವಿಯ ಮೂರ್ತಿಯನ್ನು ಕೆತ್ತಿದವರು ಶಿಲ್ಪಿ ಸಿದ್ಧಲಿಂಗಸ್ವಾಮಿಗಳು. ಅವರ ಬಳಿ ಕಲಿತವರು ಬಸವಣ್ಣ ಶಿಲ್ಪಿ. ಅವರ ಮೊಮ್ಮಗ ಅರುಣ್ ಯೋಗಿರಾಜ್. ಕೇದಾರದ ಶಂಕರಾಚಾರ್ಯರು, ದೆಹಲಿಯ ಇಂಡಿಯಾ ಗೇಟಿನ ಬಳಿಯ ಸುಭಾಷರು, ೨೦೨೪ರ ಜನವರಿಯಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠೆಗೊಂಡ ಬಾಲರಾಮ, ಇವೆಲ್ಲ ಅರುಣ್ ಅವರ ಕೈಕೆಲಸ. ಇಂದು ಆ ಹೆಸರು ಮನೆಮಾತಾಗಿದೆ. ಮೈಸೂರಿಗನಾಗಿ ನನಗೆ ಅದು ಸಂತೋಷ. ಶಿಲ್ಪಿಯ ಹೆಸರು ತಿಳಿದರೆ ಭಕ್ತಿಗೆ ಕುಂದು ಬರುವುದಿಲ್ಲವೆಂದು ಇದರಿಂದ ಸಿದ್ಧವಾಯಿತು. ಆದರೆ ಅದೇ ಗುಡಿಗಾಗಿ ಇನ್ನಿಬ್ಬರು ಶಿಲ್ಪಿಗಳೂ ಬಾಲರಾಮನನ್ನು ಕೆತ್ತಿದ್ದರು. ಅವರಲ್ಲಿ ಗಣೇಶ ಭಟ್ಟರು ನಮ್ಮ ಕರ್ನಾಟಕದವರೇ, ಸತ್ಯನಾರಾಯಣ ಪಾಂಡೆಯವರು ರಾಜಸ್ಥಾನದವರು. ಮೊನ್ನೆ ಬೆಂಚಿನ ಮೇಲೆ ಕುಳಿತ ಐವರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ. ನಾವು ನೆನಪಿಡುವುದು ಕೈಯನ್ನಲ್ಲ, ಅಧಿಕಾರ ಆರಿಸಿ ಮುಂದಿಟ್ಟ ಕೈಯನ್ನು.

ಧಾರ್ಮಿಕ ಶಿಲ್ಪಿಗೆ ಒಂದು ರಕ್ಷೆಯಿದೆ, ಅದನ್ನು ಹೇಳಲೇಬೇಕು. ಅವನ ದೇವತೆಯ ಮುಖ ಧ್ಯಾನಶ್ಲೋಕದಲ್ಲಿರುತ್ತದೆ, ಅಳತೆ ತಾಳಮಾನದಲ್ಲಿರುತ್ತದೆ. ಅರಸನೂ ಅದನ್ನು ಮೀರುವಂತಿಲ್ಲ. ಶಾಸ್ತ್ರವು ಶಿಲ್ಪಿಯನ್ನು ಕಟ್ಟುತ್ತದೆ ಎನ್ನುವವರು, ಅದೇ ಶಾಸ್ತ್ರವು ಅವನನ್ನು ಒಡೆಯನಿಂದ ಕಾಯುತ್ತದೆ ಎಂಬುದನ್ನು ಮರೆಯುತ್ತಾರೆ. ಈ ಮಾತು ನನಗೆ ಪುಸ್ತಕದಿಂದ ತಿಳಿದದ್ದಲ್ಲ.

೧೯೭೫ರ ಜೂನ್ ೨೫ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ನಾನು ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರು. ಬೆಂಗಳೂರಿನ ಸೆರೆಮನೆಯಲ್ಲಿ ದೇಶದ ದೊಡ್ಡ ದೊಡ್ಡ ನಾಯಕರು ಕುಳಿತಿದ್ದರು. 'ಸಂಸ್ಕಾರ' ಚಿತ್ರದ ಚಂದ್ರಿಯಾಗಿ ನಾವು ಕಂಡಿದ್ದ ಸ್ನೇಹಲತಾ ರೆಡ್ಡಿಯವರೂ ಮುಂದೆ ಅಲ್ಲಿ ಸೆರೆಯಾಗಿ, ರೋಗದಿಂದ ನವೆದು, ಹೊರಬಂದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ ಪ್ರಾಣಬಿಟ್ಟರು. ಅತ್ತ ಹೆಸರಾಂತ ಚಿತ್ರಕಾರ ಎಂ. ಎಫ್. ಹುಸೇನರು ಪ್ರಧಾನಿಯವರನ್ನು ದುರ್ಗೆಯಾಗಿ ಚಿತ್ರಿಸಿದ್ದರು. ಆ ವರ್ಷದ ನವರಾತ್ರಿಗೆ ನಮ್ಮ ಶಾಲೆಯಲ್ಲಿಯೂ, ಮೇಲಿನವರ ಮನಸ್ಸಿಗೆ ಬರುವಂತೆ, ಮಣ್ಣಿನ ದುರ್ಗೆಯೊಂದನ್ನು ಮಾಡಿ ನಿಲ್ಲಿಸಬೇಕೆಂದಾಯಿತು. ಹೇಗಿರಬೇಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಡ್ರಾಯಿಂಗ್ ಮೇಷ್ಟ್ರ ಮೇಜಿನ ಮೇಲೆ ಒಂದು ಪೋಸ್ಟರನ್ನು ಇಟ್ಟುಹೋದರು, ಅಷ್ಟೆ.

ನಮ್ಮ ಡ್ರಾಯಿಂಗ್ ಮೇಷ್ಟ್ರು ಶಿಲ್ಪಿಗಳ ಮನೆತನದವರು, ಮೆತ್ತನೆಯ ಮಾತಿನ ಮನುಷ್ಯ. ಹತ್ತು ದಿನ ಕುಳಿತು ಮಹಿಷಮರ್ದಿನಿಯನ್ನು ಮಾಡಿದರು. ಎಷ್ಟು ಚೆಂದವಾಗಿತ್ತೆಂದರೆ ಮಕ್ಕಳು ಚಪ್ಪಲಿ ಬಿಟ್ಟು ಆ ಕೋಣೆಗೆ ಹೋಗುತ್ತಿದ್ದರು. ನೋಡಲು ಬಂದ ಹಿರಿಯರು ಸುತ್ತ ಒಂದು ಸಲ ತಿರುಗಿ, "ಮುಖ ಹೋಲುತ್ತಿಲ್ಲವಲ್ಲ" ಎಂದರು. ಮೇಷ್ಟ್ರು ಕೈಯ ಮಣ್ಣನ್ನು ಒರೆಸಿಕೊಳ್ಳುತ್ತಾ ಬಹಳ ವಿನಯದಿಂದ, "ಯಾರನ್ನು ಹೋಲಬೇಕಾಗಿತ್ತು ಸಾರ್?" ಎಂದು ಕೇಳಿದರು. ಕೋಣೆ ನಿಶ್ಶಬ್ದವಾಯಿತು. ಬಂದವರು ಉತ್ತರ ಹೇಳದೆ ಹೊರಟುಹೋದರು. ಆಜ್ಞಾಪಿಸಿದ್ದನ್ನು ಹೆಸರಿಟ್ಟು ಹೇಳುವ ಧೈರ್ಯ ಆಜ್ಞಾಪಿಸಿದವರಿಗೇ ಇರಲಿಲ್ಲ! ಮರುವರ್ಷ ಮೇಷ್ಟ್ರಿಗೆ ದೂರದ ಊರಿಗೆ ವರ್ಗವಾಯಿತು. ಏಕೆಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಹೊರಡುವ ದಿನ ನನಗೆ ಒಂದು ಚಿಕ್ಕ ಉಳಿಯನ್ನು ಕೊಟ್ಟುಹೋದರು. ಈಗಲೂ ನನ್ನ ಮೇಜಿನ ಮೇಲಿದೆ. ಕಾಗದ ಹಾರದಂತೆ ಇಡುತ್ತೇನೆ.

ಆ ಮೇಷ್ಟ್ರನ್ನು ನೆನೆದಾಗಲೆಲ್ಲ ನನಗೆ ಮೊಮ್ಮಗನ ಮಾತೂ ತಪ್ಪೆನ್ನಿಸುತ್ತದೆ. ದರ್ಪದ ಕಾಲದಲ್ಲಿ ಮಾಡಿದ್ದೆಲ್ಲವೂ ದರ್ಪದ್ದಲ್ಲ. ಆ ದುರ್ಗೆ ತುರ್ತು ಪರಿಸ್ಥಿತಿಯಲ್ಲಿ ಹುಟ್ಟಿದವಳು, ತುರ್ತು ಪರಿಸ್ಥಿತಿಯವಳಲ್ಲ. ಕೆಡವುವವನ ಕೈಗೂ ಮಾಡಿಸಿದವನ ಕಣ್ಣೇ ಇರುತ್ತದೆ. ಕಲ್ಲಿನಲ್ಲಿ ಅವನಿಗೂ ಒಡೆಯನೇ ಕಾಣುತ್ತಾನೆ, ಕೆತ್ತಿದವನು ಕಾಣುವುದಿಲ್ಲ. ಸುತ್ತಿಗೆ ಬೀಸಿದರೆ ಸಾಯುವುದು ಒಡೆಯನಲ್ಲ, ಅವನು ಎಂದೋ ಸತ್ತಿರುತ್ತಾನೆ. ಎರಡನೆಯ ಸಲ ಸಾಯುವವನು ಶಿಲ್ಪಿ. ಅಲ್ಲದೆ ಕೆಡವಿದ ಜಾಗದಲ್ಲಿ ಪ್ರಶ್ನೆಯೂ ಅಳಿದುಹೋಗುತ್ತದೆ. ಆ ಕಣಿವೆಯ ಶಿಲುಬೆಯನ್ನು ಉರುಳಿಸಿದರೆ, ಬಂಡೆ ಕೊರೆದ ಕೈದಿಗಳ ವಿಷಯವನ್ನು ಮಕ್ಕಳಿಗೆ ಎಲ್ಲಿ ನಿಂತು ಹೇಳಬೇಕು?

ಹಾಗಾದರೆ ಮಾಡಬೇಕಾದ್ದೇನು? ನನ್ನ ಬೇಡಿಕೆ ಬಹಳ ಚಿಕ್ಕದು, ಒಂದು ಫಲಕದಷ್ಟು. ಮೈಸೂರಿನ ವೃತ್ತಗಳಲ್ಲಿ, ಉದ್ಯಾನಗಳಲ್ಲಿ, ಇನ್ನು ಮುಂದೆ ನಿಲ್ಲುವ ಮತ್ತು ಈಗಾಗಲೇ ನಿಂತಿರುವ ಪ್ರತಿಯೊಂದು ಪ್ರತಿಮೆಯ ಪೀಠದಲ್ಲಿ, ಅನಾವರಣಗೊಳಿಸಿದ ಗಣ್ಯರ ಹೆಸರಿನ 'ಘನ ಉಪಸ್ಥಿತಿ'ಯ ಪಟ್ಟಿಗಿಂತ ಮೇಲೆ, ಅಷ್ಟೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಮೂರು ಸಾಲು ಇರಲಿ: ಕೆತ್ತಿದವರು ಯಾರು, ಕಲ್ಲು ಅಥವಾ ಲೋಹ ಎಲ್ಲಿಯದು, ಹಣ ಯಾರದು. ಹಳೆಯ ಪ್ರತಿಮೆಗಳ ಶಿಲ್ಪಿ ಯಾರೆಂದು ನಮ್ಮ ಕಾಲೇಜಿನ ಮಕ್ಕಳು ದಾಖಲೆ ಹುಡುಕಿ ಬರೆಯಲಿ. ಪಾಠಪುಸ್ತಕಗಳಲ್ಲಿ 'ಕಟ್ಟಿದನು' ಎಂದಿರುವ ಕಡೆಯೆಲ್ಲ 'ಕಟ್ಟಿಸಿದನು' ಎಂದು ತಿದ್ದಲಿ. ಇದಕ್ಕೆ ಖರ್ಚೇನೂ ಇಲ್ಲ, ಒಂದು ಅಕ್ಷರ.

ಆದರೆ ಇದರಲ್ಲಿ ಒಂದು ಕಹಿಯೂ ಇದೆ, ಅದನ್ನು ಮುಚ್ಚಿಡಲಾರೆ. ಹೆಸರೆಂದರೆ ಕೀರ್ತಿ ಮಾತ್ರವಲ್ಲ, ಹೊಣೆಯೂ ಹೌದು. ಮಲ್ಲಿತಮ್ಮ ಹೆಸರು ಕೊರೆದಾಗ, ಈ ಮೂರ್ತಿ ಕೆಟ್ಟಿದ್ದರೆ ನನ್ನನ್ನೇ ಬೈಯಿರಿ ಎಂದೂ ಹೇಳಿದ. ಆವಲೋಸನಿಗೆ ನಾವು ಹೆಸರನ್ನು ಕೊಡುವುದಾದರೆ, ನಿನ್ನ ಪಕ್ಷದವರು ಕೈದಿಗಳಾಗಿ ಬಂಡೆ ಒಡೆದ ಜಾಗದಲ್ಲಿ ನೀನು ಹೇಗೆ ಕೆತ್ತಿದೆ ಎಂಬ ಪ್ರಶ್ನೆಯನ್ನೂ ಕೊಡಬೇಕಾಗುತ್ತದೆ. "ನಾನು ಮಾಡಿದವನಷ್ಟೆ, ಮಾಡಿಸಿದವನು ಅವನು" ಎಂದು ತಪ್ಪಿಸಿಕೊಳ್ಳುವ ದಾರಿ ಆಗ ಮುಚ್ಚಿಹೋಗುತ್ತದೆ. ಇಷ್ಟು ಹೊತ್ತು ಇತರರಿಗೆ ಉಪದೇಶ ಮಾಡಿದ ನಾನು ಆ ದಾರಿಯಲ್ಲಿ ನಿಂತು ಅರ್ಧ ಶತಮಾನ ಕಳೆದಿದ್ದೇನೆ.

ಡ್ರಾಯಿಂಗ್ ಮೇಷ್ಟ್ರು ದುರ್ಗೆಯನ್ನು ಮಾಡುತ್ತಿದ್ದ ಅದೇ ಹತ್ತು ದಿನಗಳಲ್ಲಿ ನನಗೂ ಒಂದು ಕೆಲಸವನ್ನು ಒಪ್ಪಿಸಿದ್ದರು. ನನ್ನ ಅಕ್ಷರ ದುಂಡಗಿತ್ತು. ಶಾಲೆಯ ಮುಂದಿನ ಗೋಡೆಯ ಉದ್ದಕ್ಕೂ ಸರ್ಕಾರದ ಇಪ್ಪತ್ತು ಅಂಶಗಳ ಕಾರ್ಯಕ್ರಮವನ್ನು, ಕೆಳಗೆ ಶಿಸ್ತಿನ ಘೋಷಣೆಗಳನ್ನು, ನೀಲಿ ಬಣ್ಣದಲ್ಲಿ ಬರೆದೆ. ನಮ್ಮ ಬೀದಿಯ ಒಬ್ಬರನ್ನು ರಾತ್ರೋರಾತ್ರಿ ಕರೆದೊಯ್ದಿದ್ದರು, ಅವರ ಮಗಳು ನನ್ನ ತರಗತಿಯಲ್ಲಿಯೇ ಓದುತ್ತಿದ್ದಳು. ಏಣಿಯ ಮೇಲೆ ನಿಂತು ನಾನು ಬರೆಯುವಾಗ ಆ ಹುಡುಗಿ ಪುಸ್ತಕವನ್ನು ಎದೆಗವಚಿಕೊಂಡು ಗೋಡೆಯ ಪಕ್ಕದಲ್ಲೇ ಹಾದುಹೋದಳು. ನಮಸ್ಕಾರ ಸಾರ್ ಎಂದಳು. ಅಕ್ಷರ ಚೆನ್ನಾಗಿದೆಯೆಂದು ಎಲ್ಲರೂ ಹೊಗಳಿದರು. ನನಗೂ ಆ ದಿನ ಸಂತೋಷವೇ ಆಗಿತ್ತು. ೧೯೭೭ರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ತೆರವಾದ ಮೇಲೆ ಗೋಡೆಗೆ ಸುಣ್ಣ ಬಳಿದರು. ಮಳೆಗಾಲದಲ್ಲಿ ಸುಣ್ಣ ತೆಳುವಾದಾಗಲೆಲ್ಲ ನೀಲಿ ಅಕ್ಷರಗಳು ಎರಡು ಮೂರು ವರ್ಷ ಇಣುಕುತ್ತಲೇ ಇದ್ದವು.

ಅದನ್ನು ಬರೆಸಿದವರು ಯಾರೆಂದು ಎಲ್ಲರಿಗೂ ಗೊತ್ತು. ಬರೆದವನ ಹೆಸರು ಆ ಗೋಡೆಯ ಮೇಲೆ ಇರಲಿಲ್ಲ. ಬರೆದವನು ನಾನು.